ಮರಕ್ಕೆ ತೂಗಿದ ಕುರಿದೊಗಲು

ಸೆಪ್ಟೆಂಬರ್ ೧೪, ಸ್ವಾನೇತಿ

ನಾಲ್ಕು ಬೇಸಿಗೆ ಬೆಟ್ಟದ ಬೆಣಚುಕಲ್ಲು ಒಡೆದು, ಹೊಳೆಯ ಮರಳು ಜಾಲಿಸಿ, ನೀರಿಗೆ ಚಿನ್ನ ಎಲ್ಲಿಂದ ಇಳಿಯುತ್ತದೆಂದು ಕಂಡುಕೊಂಡೆ. ಹರಿವ ನೀರಲ್ಲಿ ಕುರಿದೊಗಲು ಮುಳುಗಿಸಿ ಆ ಚಿನ್ನದ ಪುಡಿ ಹಿಡಿಯುವುದು ಇಲ್ಲಿನವರ ಹಳೆಯ ರೂಢಿ. ಆದರೆ ಪುರಾಣಕಥೆಯಲ್ಲಿ ಗ್ರೀಕರು ನಮ್ಮ ನಾಡಿನಿಂದ ಕದ್ದೊಯ್ದರೆಂಬ ಚಿನ್ನದ ಕುರಿದೊಗಲು ಹೊಳೆ ಬಿಟ್ಟು ಮರದ ಮೇಲೇಕಿತ್ತು? ಇದೊಂದು ತಲೆ ಕೊರೆಯುತ್ತಲೇ ಇತ್ತು.

ಇಂದು ನಾನು ಉಳಿದುಕೊಂಡಿರುವ ಮನೆಯ ಜೋಕಿಯಾ ಅಜ್ಜ, ಹಲಗೆಗೆ ಬಡಿದು ಹೊಳೆಯಲ್ಲಿ ಮುಳುಗಿಸಿದ್ದ ತೊಗಲನ್ನು ಮೇಲೆತ್ತಿದ. ಆತುರಕ್ಕೆ ಅಲ್ಲೇ ಕೊಡವಲು ಹೋದೆ.

"ಏ, ಬಿಡೇ ತಾಯಿ! ಒದ್ದೆ ಉಣ್ಣೆ ಕೊಡವಿದ್ರೆ ಚಿನ್ನ ಉದುರತ್ತಾ? ಅಷ್ಟು ಓದಿ ಏನು ಕಡಿದು ಕಟ್ಟೆ ಹಾಕಿದ್ಯೋ!"

ಅದನ್ನು ಅಂಗಳದ ಆಕ್ರೋಟು ಮರಕ್ಕೆ ತೂಗುಹಾಕಿದ. ಎರಡು ದಿನ ಒಣಗಿದ ಮೇಲೆ ಬಡಿದು ಚಿನ್ನ ಉದುರಿಸಬೇಕಂತೆ. ಇಳಿಬಿಸಿಲಿಗೆ ತುಪ್ಪಳ ಅಲ್ಲಲ್ಲಿ ಮಿನುಗಿತು. ನನ್ನ ಪ್ರಶ್ನೆಗೆ ಉತ್ತರ ಕಣ್ಣೆದುರೇ ತೂಗುತ್ತಿತ್ತು.

"ಹಾಗಾದ್ರೆ ಕಥೇಲಿ ಕಾವಲಿಗಿದ್ದ, ನಿದ್ದೆ ಮಾಡದ ಘಟಸರ್ಪ?"

"ಸರ್ಪವೂ ಇಲ್ಲ ಗಿರ್ಪವೂ ಇಲ್ಲ. ಪಕ್ಕದ್ಮನೆಯೋರ ಕೈ ಸ್ವಲ್ಪ ಉದ್ದ," ಎನ್ನುತ್ತ ಅಜ್ಜ ತನ್ನ ನಾಯಿ ಮುರಿಯಾನನ್ನು ಮರದ ಬುಡಕ್ಕೆ ಕಟ್ಟಿದ.

ಬೆಳಗಾದರೆ ನನ್ನ ಜೊತೆ ಕೆಲಸ ಮಾಡುವ ಗ್ರೀಕ ನಿಕಿಫೋರೋಸ್ ತನ್ನೂರು ಅಥೆನ್ಸಿಗೆ ಹೊರಡುತ್ತಾನೆ. ಈ ತೊಗಲಿನ ಚಿನ್ನದ ಒಂದೇ ಒಂದು ಚಿಟಿಕೆ ಮಾದರಿ ಕೊಡೆಂದು ಗೋಗರೆದಿದ್ದಾನೆ. ಮುಸ್ಸಂಜೆಗೆ ಅಜ್ಜನ ಕಣ್ಣು ತಪ್ಪಿಸಿ ಮರದ ಹತ್ತಿರ ಹೋದರೆ ಮುರಿಯಾ ಹಲ್ಲು ಕಿರಿದು ಗುರುಗುಟ್ಟಿದ. ಅವನನ್ನು ಒಲಿಸಲೆಂದು ಮಾಂಸದ ರೊಟ್ಟಿ ತರಲು ಒಳಬಂದೆ. ರೊಟ್ಟಿ ಹಿಡಿದು ಹೊಸ್ತಿಲು ದಾಟುವಾಗ ನೆನಪಾಯಿತು, ಕಥೆಯಲ್ಲಿ ಸರ್ಪವನ್ನು ಮದ್ದು ಹಾಕಿ ಮಲಗಿಸಿ, ತೊಗಲನ್ನು ಗ್ರೀಕನ ಕೈಗೆ ಕೊಡಿಸಿದವಳು ನಮ್ಮ ನಾಡಿನ ಹೆಣ್ಣೇ.

ಅಲ್ಲೇ ಕೂತು ರೊಟ್ಟಿಯನ್ನು ನಾನೇ ತಿಂದೆ. ಮುರಿಯಾ ಈಗಲೂ ಎಚ್ಚರವಾಗಿಯೇ ಇದ್ದಾನೆ.