ಬಿಸಿಲು ನೋಡಿದ ರೋಲ್

ಆಗಸ್ಟ್ 4, ಸೋಮವಾರ. ಬೆಳಿಗ್ಗೆ
ಹಾಸ್ಟೆಲ್ ಬಾತ್‌ರೂಮ್ ಕ್ಯೂನಲ್ಲಿ ಇವತ್ತೂ ಏಳನೇ ನಂಬರ್. ಬಕೆಟ್ ಮೇಲೆ ಕೂತು ಬರೀತಿದೀನಿ. ಆರ್ಟ್ ಕಾಲೇಜಿನ ಫಸ್ಟ್ ಅಸೈನ್‌ಮೆಂಟ್ — ಹಳೇ ಕ್ಯಾಮೆರಾ ಫಿಲ್ಮ್‌ನಿಂದ ಕಲಾಕೃತಿ. ಮೇಡಂ ಹೇಳಿದ್ದು, "ಫೋಟೋ ಬೇಡ. ಫಿಲ್ಮೇ ವಸ್ತು. ಮುಟ್ಟಿ, ಕತ್ತರಿಸಿ, ನೇತುಹಾಕಿ." ಎಲ್ಲರೂ ತಲೆಯಾಡಿಸಿದ್ರು. ನಾನೂ ಆಡಿಸಿದೆ. ಏನೂ ಅರ್ಥ ಆಗಿಲ್ಲ.

ಆಗಸ್ಟ್ 5
ಮಾವನ ಮನೆ. ಫೋಟೋ ಸ್ಟುಡಿಯೋ ಮುಚ್ಚಿ ಝೆರಾಕ್ಸ್ ಅಂಗಡಿ ಇಟ್ಟರೂ ಹಳೇ ಫಿಲ್ಮ್ ರೋಲ್‌ಗಳ ಡಬ್ಬ ಬಿಸಾಕಿಲ್ಲ. "ಬೇಕಾದ್ದು ತಗೋ ಪುಟ್ಟಿ" ಅಂದ್ರು, ಮೊಬೈಲ್‌ನಿಂದ ತಲೆ ಎತ್ತದೆ. ಅತ್ತೆ ಎಂದಿನಂತೆ ಹಾಲ್‌ನ ಖಾಲಿ ಮೊಳೆ ತೋರಿಸಿದ್ರು. "ನಮ್ಮ ಮದುವೆ ಫೋಟೋ ಇಲ್ಲಿ ಬರುತ್ತಂತೆ. ಮಹಾನುಭಾವರು ಬೇರೆಯವರನ್ನ ನಂಬದೆ, ಟೈಮರ್ ಒತ್ತಿ ಒತ್ತಿ ತಾವೇ ನನ್ನ ಪಕ್ಕ ಓಡಿಬಂದಿದ್ದು. ರೋಲ್ ತೊಳೆದು ಫೋಟೋ ಮಾಡ್ರಿ ಅಂದ್ರೆ, ನಾಳೆ. ಹತ್ತೊಂಬತ್ತು ವರ್ಷದಿಂದ ನಾಳೆ."

ಆಗಸ್ಟ್ 6. ಹಾಸ್ಟೆಲ್ ಟೆರೇಸ್
ಹನ್ನೊಂದು ರೋಲ್. ಹತ್ತರಲ್ಲಿ ಫಿಲ್ಮ್ ತುದಿ ನಾಲಿಗೆ ಥರ ಹೊರಗಿದೆ — ಹೊಸದು, ಹಾಳು ಮಾಡೋಕೆ ಮನಸ್ಸು ಬರಲಿಲ್ಲ. ಒಂದರದ್ದು ಮಾತ್ರ ಒಳಗೆ. ಮುಗಿದದ್ದು, ಯಾರಿಗೂ ಬೇಡದ್ದು. ಬಾಟಲ್ ಓಪನರ್‌ನಲ್ಲಿ ಮುಚ್ಚಳ ಕಿತ್ತು ಸರ್ರಂತ ಎಳೆದೆ. ಬಿಸಿಲಲ್ಲಿ ಎಷ್ಟು ಚಂದ ಸುತ್ತಿಕೊಳ್ತು... ಫ್ರೇಮ್‌ಗೆ ಅಲೆ ಅಲೆಯಾಗಿ ಅಂಟಿಸಿದೆ.

ಆಗಸ್ಟ್ 8
ಮೇಡಂ ತುಂಬ ಹೊತ್ತು ನೋಡಿದ್ರು. "ಇದರಲ್ಲಿ ಏನೋ ಕಳೆದುಹೋಗಿದೆ. ವೆರಿ ಗುಡ್." ಹತ್ತಕ್ಕೆ ಒಂಬತ್ತು. ಖುಷಿಗೆ ಮಾವನಿಗೆ ಫೋಟೋ ಕಳಿಸಿದೆ. ತಕ್ಷಣ ಕಾಲ್.
"ಆ ರೋಲ್ ಮೇಲೆ ಕೆಂಪು ಟೇಪ್ ಇತ್ತಾ?"
"ಇತ್ತು ಮಾವ. ಮುಗಿದಿತ್ತಲ್ಲ?"
"ನಮ್ಮ ಮದುವೆ ಫೋಟೋ ತೆಗೆದು ಮುಗಿದಿತ್ತು ಕಣೇ. ತೊಳೆದಿರಲಿಲ್ಲ. ಬಿಸಿಲು ಬಿದ್ರೆ ಎಲ್ಲ ಹೋಯ್ತು." ಆಮೇಲೆ ಮೆಲ್ಲಗೆ — "ಹೋಗ್ಲಿ ಬಿಡು. ಏನೂ ಬಂದಿಲ್ವೇನೋ ಅನ್ನೋ ಭಯಕ್ಕೇ ನಾನು ತೊಳೀಲಿಲ್ಲ. ನಿಮ್ಮ ಅತ್ತೆಗೆ ನೀನೇ ಹೇಳು."
ಅತ್ತೆನೇ ನನ್ನ ಲೋಕಲ್ ಗಾರ್ಡಿಯನ್. ಹಾಸ್ಟೆಲ್‌ನಿಂದ ಹೊರಗೆ ಹೋಗೋ ಔಟ್‌ಪಾಸ್‌ಗೆ ಸೈನ್ ಅವರದ್ದೇ. ಇನ್ನು ನಾಲ್ಕು ವರ್ಷ ಹಾಸ್ಟೆಲ್ ಗೇಟೇ ಗತಿ.

ಆಗಸ್ಟ್ 10, ಭಾನುವಾರ. ಅತ್ತೆ ಮನೆ ಸೋಫಾ
ಹೇಳಿಬಿಟ್ಟೆ. ಅತ್ತೆ ಫ್ರೇಮ್ ತೊಡೆ ಮೇಲಿಟ್ಕೊಂಡ್ರು. "ಯಾವ ಜಗಳ ಬಂದ್ರೂ ಕೊನೆಗೆ 'ರೋಲ್ ಎಲ್ಲಿ' ಅಂದ್ರೆ ನಾನೇ ಗೆದ್ದೆ ಅಂತ. ಇನ್ನೇನು ಕೇಳ್ಲಿ?" ಎದ್ದು ಅದನ್ನೇ ಮೊಳೆಗೆ ನೇತುಹಾಕಿದ್ರು.
ಮಾವ ಧೈರ್ಯ ಮಾಡಿ ಹತ್ತಿರ ಬಂದು ಫಿಲ್ಮ್‌ನ ಒಂದು ಕಡೆ ಬೆರಳಿಟ್ರು. "ಇದು ನಾನು ಓಡಿಬಂದು ಎಡವಿದ್ದು."
"ಅದಲ್ಲ. ಅದರಲ್ಲಿ ನಿಮ್ಮ ಕಣ್ಣು ಮುಚ್ಚಿತ್ತು. ಎಡವಿದ್ದು ಮುಂದಿನದು."
ಫಿಲ್ಮ್ ಪೂರ್ತಿ ಮಾಸಲು ಕಂದು. ಏನೇನೂ ಇಲ್ಲ. ಅರ್ಧ ಗಂಟೆ ಆಯ್ತು ಜಗಳ ಶುರುವಾಗಿ. ಅತ್ತೆ ಮುಖ ಕೆಂಪಾಗಿದೆ, ಗೆಲ್ಲೋ ಥರ ಇದಾರೆ. ಈಗ ನನ್ನನ್ನೇ ಕರೀತಿದಾರೆ — "ಪುಟ್ಟಿ, ಡೈರಿ ಆಮೇಲೆ. ನೀನೇ ನೋಡಿ ಹೇಳು, ಐದನೇದ್ರಲ್ಲಿ ಇವರ ಕಣ್ಣು ಮುಚ್ಚಿದೆಯೋ ಇಲ್ವೋ?"
ಮುಚ್ಚಿದೆ ಅಂದ್ರೆ ಮಾವ... ತೆರೆದಿದೆ ಅಂದ್ರೆ ಔಟ್‌ಪಾಸ್... ಹತ್ತಿರ ಹೋಗಿ ನೋಡ್ತೀನಿ, ನಿಜವಾಗ್ಲೂ ಸ್ವಲ್ಪ —