ಸುಣ್ಣಕಲ್ಲಿನ ಕಾಡು

ಅಪ್ಪಾ,

ಇದು ನಿನಗೆ ತಲುಪುವುದಿಲ್ಲ, ಗೊತ್ತು. ಆದರೂ ಇವತ್ತು ಗೆದ್ದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಬೆಳಿಗ್ಗೆ ಅಣ್ಣ ಗರಗಸದವರನ್ನು ಕರೆದುಕೊಂಡು ನಮ್ಮ ಗುಡ್ಡ ಹತ್ತಿ ಬಂದ. ನೀನು ಬಿಟ್ಟುಹೋದ ಸುಣ್ಣದ ಗೂಡನ್ನು ಮತ್ತೆ ಹೊತ್ತಿಸಬೇಕಂತೆ. ಕಲ್ಲೂ ಇಲ್ಲಿಯದೇ, ಸೌದೆಯೂ ಇಲ್ಲಿಯದೇ. ನಾನು ಎಲ್ಲಕ್ಕಿಂತ ದೊಡ್ಡ ಮರಕ್ಕೆ ಬೆನ್ನು ಕೊಟ್ಟು ಕೂತೆ.

"ಏಳೇ, ಕಡಿದ್ರೆ ಮತ್ತೆ ಚಿಗುರುತ್ತೆ," ಅಂದ.

ನಾನು ತರಗೆಲೆ ಸರಿಸಿ ತೋರಿಸಿದೆ. ಗೇಣುದ್ದವೂ ಮಣ್ಣಿಲ್ಲ, ಕೆಳಗೆ ಬರೀ ಬಿಳಿ ಕಲ್ಲು, ಅದರ ಬಿರುಕಿನೊಳಗೆ ಇಳಿದ ಬೇರುಗಳು.

"ಇಷ್ಟು ಮಣ್ಣನ್ನೂ ಮರಗಳೇ ಎಲೆ ಉದುರಿಸಿ ಮಾಡ್ಕೊಂಡಿರೋದು. ಮರ ಹೋದ್ರೆ ಮೊದಲ ಮಳೆಗೇ ಕೊಚ್ಕೊಂಡು ಹೋಗುತ್ತೆ. ಆಮೇಲೆ ಎಲ್ಲಿ ಚಿಗುರುತ್ತೆ, ನಿನ್ನ ತಲೆ ಮೇಲಾ?"

ಗರಗಸದವರು ನಕ್ಕರು. ಮಧ್ಯಾಹ್ನದವರೆಗೆ ಕಾದು, ಬೇಸತ್ತು ಇಳಿದುಹೋದರು. ನಾಳೆ ಬರಲಿ, ನಾಳೆಯೂ ಕೂರುತ್ತೇನೆ.

ನೀನಿದ್ದಿದ್ದರೆ ಗರಗಸ ನೀನೇ ಹಿಡಿಯುತ್ತಿದ್ದೆ. ಆಗಲೂ ನಾನು ಏಳುತ್ತಿರಲಿಲ್ಲ. 'ಮರ ಬೇಕೋ, ಅಪ್ಪ ಬೇಕೋ' ಎಂದು ನೀನು ಕೇಳಿದ ದಿನವೂ ಮಣಿಯಲಿಲ್ಲವಲ್ಲ.

ಹೊರಡುವಾಗ ಅಣ್ಣ ತಿರುಗಿ ನೋಡಿ, "ಥೇಟ್ ಅಪ್ಪನ ಹಠ," ಅಂದ.

ಅಲ್ಲಿಯವರೆಗೆ ಅವನ ಒಂದೊಂದು ಮಾತಿಗೂ ಎದುರಾಡಿದವಳು, ಅದೊಂದಕ್ಕೆ ಸುಮ್ಮನಿದ್ದೆ.