ಡಬ್ಬಾ ಬ್ಯಾಂಡಿನ ಶಿವಲೀಲಾಳಿಗೆ

ಗದಗ, ೨೧೬೮ನೆಯ ಇಸವಿ, ಹದಿಮೂರನೆಯ ತಿಂಗಳ ಐದನೆಯ ದಿನ

ಶಿವಲೀಲಾ,

ಹದಿಮೂರನೆಯ ತಿಂಗಳು ಎಲ್ಲಿಂದ ಬಂತೆಂದು ಗಾಬರಿಯಾಗಬೇಡ. ಬೇಸಿಗೆ ಉದ್ದವಾಯಿತು, ನಾವು ಅದಕ್ಕೊಂದು ತಿಂಗಳು ಸೇರಿಸಿಕೊಂಡೆವು. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸು. ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಪತ್ರ ಮುಟ್ಟುವಾಗ ನಿನಗೂ ನನ್ನಂತೆ ಹದಿನಾರು. ಹಾಗಾಗಿ ಏಕವಚನ.

ನೀನು ಡ್ರಮ್ ಬಾರಿಸಿದ 'ಡಬ್ಬಾ ಬ್ಯಾಂಡ್' ಸಿನಿಮಾವನ್ನು ನಮಗೆ ಶಾಲೆಯಲ್ಲಿ ತೋರಿಸುತ್ತಾರೆ. ರಾಕ್ ಬ್ಯಾಂಡ್ ಕಟ್ಟುವ ಹುಚ್ಚು ಹಿಡಿದ ಹೈಸ್ಕೂಲಿನ ನಾಲ್ವರು, ಅವರನ್ನು ಮೈದಾನದ ತುಂಬ ಅಟ್ಟಿಸಿಕೊಂಡು ಓಡುವ ಪಿ.ಟಿ. ಮಾಸ್ತರು. ನಗೆಚಿತ್ರವಂತೆ. ಆದರೆ ಯಾರೂ ನಗುವುದಿಲ್ಲ. ಕಾರಣ ಒಪ್ಪಗಾರ. ಅದು ಪ್ರತಿ ಸಭಾಂಗಣದ ಚಾವಣಿಯಲ್ಲಿರುವ ಯಂತ್ರ. ಅಪಸ್ವರ, ತೊದಲು, ತಪ್ಪಿದ ತಾಳ ಎಲ್ಲವನ್ನೂ ಕಿವಿಗೆ ಬೀಳುವ ಮೊದಲೇ ತಿದ್ದಿಬಿಡುತ್ತದೆ. ಬೆಳಗಿನ ಪ್ರಾರ್ಥನೆಗೆ ಮುನ್ನೂರು ಮಕ್ಕಳು ಬಾಯಿ ತೆರೆದರೂ ಕೇಳುವುದು ಒಂದೇ ಕಂಠ. ನೆಗಡಿಯಾದವರದೂ ಜೇನಿನಂಥ ದನಿ. ಅದರಡಿಯಲ್ಲಿ ನಿಮ್ಮ ಬ್ಯಾಂಡೂ ತಪ್ಪಿಲ್ಲದೆ ನುಡಿಯುತ್ತಿತ್ತು, ಪಿ.ಟಿ. ಮಾಸ್ತರು ಕಿವಿ ಮುಚ್ಚಿಕೊಳ್ಳುವುದೇಕೆಂದೇ ನಮಗೆ ತಿಳಿಯುತ್ತಿರಲಿಲ್ಲ.

ಹೋದ ವರ್ಷ ನಾನು, ಗೆಳತಿ ಮೆಹಜಬೀನ್, ಪಕ್ಕದ ಮನೆಯ ಯಮನೂರ ಮೂವರೂ ಆ ಸಿನಿಮಾವನ್ನು ನಮ್ಮ ಮಾಳಿಗೆಯ ಮೇಲೆ ನೋಡಿದೆವು. ಅಲ್ಲಿ ಒಪ್ಪಗಾರ ಇರಲಿಲ್ಲ. ನಿನ್ನ ಕೈಯ ಕೋಲು ಜಾರಿ ಮುಖ್ಯ ಅತಿಥಿಯ ಪೇಟಕ್ಕೆ ಬಡಿಯಿತು. ನೀನು ಕಂಪಾಸ್ ಪೆಟ್ಟಿಗೆ ಹಿಡಿದು ಬಾರಿಸುತ್ತಲೇ ಹೋದೆ. ಎಂಥ ಕರ್ಕಶ! ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುವಾರವೇ ಹಾಳುಬಿದ್ದ ಹತ್ತಿ ಮಿಲ್ಲಿನಲ್ಲಿ ನಮ್ಮ ಬ್ಯಾಂಡು ಶುರುವಾಯಿತು. ಮೆಹಜಬೀನ್ ಗಿಟಾರು, ಯಮನೂರ ಹಾಡು, ನಾನು ಪೀಪಾಯಿ.

ಈ ವರ್ಷ ಶಾಲೆಯ ವಾರ್ಷಿಕೋತ್ಸವದ ದಿನ ಸಭಾಂಗಣದಲ್ಲಿ ಬಾರಿಸಿದೆವು. ನಾನು ಮೂರು ಸಲ ತಾಳ ತಪ್ಪಿದೆ, ಒಂದೂ ಕೇಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಯಾರಿಗೆ ತಟ್ಟಿದರೋ! ಸಿಟ್ಟು ನೆತ್ತಿಗೇರಿತು. ಪೀಪಾಯಿ ಹೊತ್ತುಕೊಂಡು ಅಂಗಳಕ್ಕೆ ನಡೆದೆ, ಉಳಿದಿಬ್ಬರೂ ಬಂದರು. ಮುಖ್ಯೋಪಾಧ್ಯಾಯಿನಿ ಕೊಟ್ರಮ್ಮ ಹಿಂದೆಯೇ ಓಡಿ ಬಂದರು.

"ಒಳಗ ಬರ್ರಿ! ಇಲ್ಲಿ ನಿಮ್ಮ ತಪ್ಪೆಲ್ಲಾ ಕೇಳಸ್ತಾವ!"

"ಕೇಳಸ್ಲಿ ಬಿಡ್ರಿ ಮೇಡಮ್, ಅವೂ ನಮ್ಮವ ಅದಾವ," ಎಂದಳು ಮೆಹಜಬೀನ್.

ಬಾರಿಸಿದೆವು. ಮೇಲಿನ ಸ್ವರಕ್ಕೆ ಹೋದ ಯಮನೂರನ ಗಂಟಲು ಒಡೆಯಿತು. ಮೊದಲು ಅಡುಗೆಯ ದ್ಯಾಮವ್ವ ನಕ್ಕಳು. ಆಮೇಲೆ ಕಿಟಕಿಗಳಿಗೆ ಮುತ್ತಿದ ಮಕ್ಕಳು, ಅವರ ತಂದೆತಾಯಿ. ಯಮನೂರನೂ ನಗುತ್ತಲೇ ಹಾಡಿ ಮುಗಿಸಿದ.

ಮರುದಿನ ನೋಟೀಸು ಬಂತು: ತಪ್ಪೊಪ್ಪಿಗೆಗೆ ಸಹಿ ಹಾಕಿ, ಇಲ್ಲವಾದರೆ ಶಾಲೆ ಬಿಡಿ. ಯಮನೂರ ಹಾಕಿದ. "ಅಪ್ಪ ಊಟಾ ಬಿಟ್ಟಾನ, ನಾ ಏನ್ ಮಾಡ್ಲಿ?" ಎಂದು ನಮ್ಮ ಕಟ್ಟೆಯ ಮೇಲೆ ಕೂತು ಅತ್ತ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಮೆಹಜಬೀನೂ ನಾನೂ ಹಾಕಲಿಲ್ಲ. ಇವತ್ತು ಮುಂಜಾನೆ ನಮ್ಮಿಬ್ಬರ ಹೆಸರು ಹೊಡೆದುಹಾಕಿದರು. ಅವ್ವ ಶಾಲೆಯಿಂದ ಬಂದ ಪತ್ರವನ್ನು ಎರಡು ಸಲ ಓದಿದಳು. ಬೈಯುತ್ತಾಳೆಂದು ಕಾದೆ. "ಕೋಲು ಅಷ್ಟ್ ಬಿಗಿ ಹಿಡೀಬ್ಯಾಡ. ಕೈಯಾಗ ಬೊಬ್ಬಿ ಎದ್ದಾವ ನೋಡು," ಎಂದಳಷ್ಟೇ.

ಒಂದು ಬೇಡಿಕೆ. ಒಪ್ಪಗಾರನನ್ನು ನಮ್ಮ ಮೇಲೆ ಯಾರೂ ಹೊಡೆದು ಬಡಿದು ಹೇರಲಿಲ್ಲ. ಅಳುಕುವ ಮಕ್ಕಳಿಗೆ ಸಹಾಯವಾಗಲೆಂದು ತಂದರಂತೆ, ಎಲ್ಲರೂ ಸಂತೋಷದಿಂದ ಒಪ್ಪಿದರಂತೆ. ನಿಮ್ಮ ಕಾಲದಲ್ಲೇ ಅದರ ಅಜ್ಜಂದಿರು ಹುಟ್ಟಿರಬೇಕು. ನಿನ್ನ ದನಿಯನ್ನು ಚಂದ ಮಾಡಿಕೊಡುತ್ತೇವೆಂದು ಯಾರಾದರೂ ನಗುನಗುತ್ತ ಬಂದರೆ, ಬೇಡ ಅನ್ನು. ಕಾರಣ ಕೇಳಿದರೆ ಹೇಳಲೂ ಹೋಗಬೇಡ.

ನಾಳೆ ಸಂತೆ ಮೈದಾನದಲ್ಲಿ ನಮ್ಮ ಬ್ಯಾಂಡು. ಯಮನೂರ ಬರುವುದಿಲ್ಲ, ಹಾಡು ನನ್ನ ಪಾಲಿಗೆ ಬಂದಿದೆ. ನನಗೆ ಹಾಡಲು ಬರುವುದಿಲ್ಲ. ಹಾಡುತ್ತೇನೆ.

ನಿನ್ನ ಕುಡಿ,
ನಿಂಬೆವ್ವ